ತೂಕ ಜಾಸ್ತಿಯಾದ ಗ್ರಹ

ವೀಕ್ಷಣಾಲಯದಲ್ಲಿ ಅವನನ್ನು ಎಲ್ಲರೂ ತಲೆಬರಹ ಎಂದೇ ಕರೆಯುತ್ತಿದ್ದರು. ಹುದ್ದೆ ಪ್ರಚಾರಾಧಿಕಾರಿಯದು. ಒಳಗಿನವರು ಆಕಾಶದಲ್ಲಿ ಕಂಡುಹಿಡಿದದ್ದನ್ನು ಹೊರಗಿನವರು ಬಾಯಿ ಬಿಟ್ಟುಕೊಂಡು ಓದುವ ಹಾಗೆ ಬರೆದು ಪತ್ರಿಕೆಗಳಿಗೆ ಕಳಿಸುವುದು ಅವನ ಕೆಲಸ. ಸುದ್ದಿ ಏನೇ ಇರಲಿ, ಅವನಿಗೆ ಮೊದಲು ಹೊಳೆಯುತ್ತಿದ್ದದ್ದು ದಪ್ಪಕ್ಷರದ ತಲೆಬರಹ. ಸುದ್ದಿಯನ್ನು ಆಮೇಲೆ ಅದರ ಅಳತೆಗೆ ಕತ್ತರಿಸುತ್ತಿದ್ದ. ಇಲ್ಲಿಗೆ ಬರುವ ಮುಂಚೆ ಹಾಸಿಗೆ ಮಾಡುವ ಕಂಪನಿಯೊಂದಕ್ಕೆ ಜಾಹೀರಾತು ಬರೆಯುತ್ತಿದ್ದವನು. ಮಲಗಿ ನೋಡದೆಯೇ ಹಾಸಿಗೆಯ ಸುಖವನ್ನು ವರ್ಣಿಸಿ ಪಳಗಿದ್ದವನಿಗೆ ದೂರದರ್ಶಕಕ್ಕೆ ಕಣ್ಣು ಹಚ್ಚದೆಯೇ ನಕ್ಷತ್ರಗಳನ್ನು ವರ್ಣಿಸುವುದು ಕಷ್ಟವಾಗಲಿಲ್ಲ.

ವೀಕ್ಷಣಾಲಯ ಒಂದು ಟ್ರಸ್ಟಿನದು. ಕಬ್ಬಿಣದ ಬೀರುಗಳನ್ನು ಮಾಡಿ ಮಾರಿ ಶ್ರೀಮಂತರಾದ ಹಿರಿಯರೊಬ್ಬರು ಕಟ್ಟಿಸಿದ್ದು. ಅವರು ಆರಡಿಯ ಆಳು. ಮುಂಬಾಗಿಲಲ್ಲಿ ತೂಗುಹಾಕಿದ ಅವರ ಚಿತ್ರವೇ ಒಂದು ಬೀರುವಿನಷ್ಟಿತ್ತು. ಈಗ ಅವರ ಮಗ ಅಧ್ಯಕ್ಷರು. ಅಧ್ಯಕ್ಷರಿಗೆ ತಂದೆಯ ಆಸ್ತಿ, ಮೂಗು, ಗಟ್ಟಿ ದನಿ ಎಲ್ಲ ಬಂದಿತ್ತು, ಎತ್ತರವೊಂದು ಬಂದಿರಲಿಲ್ಲ. ಎಷ್ಟು ಬಂದಿರಲಿಲ್ಲ ಎಂದು ಅಲ್ಲಿ ಯಾರೂ ಅಂದಾಜು ಕಟ್ಟಲು ಹೋಗುತ್ತಿರಲಿಲ್ಲ. ಭಾಷಣದ ಮೇಜಿನ ಹಿಂದೆ ಸಭಿಕರಿಗೆ ಕಾಣದಂತೆ ಒಂದು ಮರದ ಮೆಟ್ಟಿಲಿರುತ್ತಿತ್ತು. ಗುಂಪಿನ ಫೋಟೋ ತೆಗೆಯುವಾಗ ಅಧ್ಯಕ್ಷರು ನಿಂತಿರುತ್ತಿದ್ದರು, ಮಿಕ್ಕವರೆಲ್ಲ ಕುಳಿತಿರುತ್ತಿದ್ದರು. ಗಿಡ್ಡ, ಕುಳ್ಳ, ಮೋಟು ಎಂಬ ಮಾತುಗಳು ಆ ಕಟ್ಟಡದಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ದೀಪ ಹೋದರೆ ಎಲೆಕ್ಟ್ರಿಷಿಯನ್ ಕೂಡ ತಂತಿ ಸುಟ್ಟಿದೆ ಎಂದಷ್ಟೇ ಹೇಳುತ್ತಿದ್ದ. ಹೀಗಿರಬೇಕೆಂದು ಆಜ್ಞೆ ಕೊಟ್ಟವರು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಸಂಶೋಧಕಿ ಇದ್ದಳು. ನಲವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ, ಚಹಾ ಜಾಸ್ತಿ. ಆಕಾಶದಲ್ಲಿ ತೇಲುವ ದೂರದರ್ಶಕವೊಂದು ಸಾವಿರಾರು ನಕ್ಷತ್ರಗಳ ಬೆಳಕನ್ನು ಅಳೆದು ಕಳಿಸುತ್ತಿದ್ದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಸೋಸುತ್ತಾ ಕೂರುವುದು ಅವಳ ಕೆಲಸ. ಆಫೀಸಿನ ವೇಳೆಯಲ್ಲೇ ಮುಗಿಯುವಂಥದ್ದು. ಅವಳು ರಾತ್ರಿಯೆಲ್ಲ ಎಚ್ಚರವಿರುತ್ತಾಳೆಂದು ನೆಂಟರಿಷ್ಟರು ನಂಬಿದ್ದರು; ಬೆಳಗಿನ ಹೊತ್ತು ಯಾರೂ ಮನೆಗೆ ಬಂದು ಕಾಡುವುದಿಲ್ಲವಲ್ಲ ಎಂದು ಅವಳೂ ಆ ನಂಬಿಕೆಯನ್ನು ಕೆಡಿಸಿರಲಿಲ್ಲ.

ಒಂದು ದಿನ ಚಹಾದ ಕೋಣೆಯಲ್ಲಿ ಅವಳು ತಾನಾಗಿ ಮಾತು ತೆಗೆದಳು. ಒಂದು ನಕ್ಷತ್ರದ ಬೆಳಕು ಕ್ರಮವಾಗಿ ಆಗಾಗ ಒಂಚೂರು ಮಂಕಾಗುತ್ತಿದೆ. ಅದರ ಮುಂದೆ ಏನೋ ಹಾದುಹೋಗುತ್ತಿರಬೇಕು. ಎಷ್ಟು ಮಂಕಾಯಿತು ಎನ್ನುವುದರಿಂದ ಹಾದುಹೋದದ್ದರ ಗಾತ್ರ ಗೊತ್ತಾಗುತ್ತದೆ. ಇದು ನಮ್ಮ ಗುರುಗ್ರಹದಷ್ಟಿದೆ. ತೂಕ ಮಾತ್ರ ಇನ್ನೂ ತಿಳಿಯದು, ಅದನ್ನು ಬೇರೆಯಾಗಿ ಅಳೆಯಬೇಕು.

ತಲೆಬರಹನ ಕಿವಿಗೆ ಗುರುಗ್ರಹದವರೆಗಿನ ಮಾತು ಬಿತ್ತು. ಅಷ್ಟರಲ್ಲೇ ಅವನ ತಲೆಯೊಳಗೆ ದಪ್ಪಕ್ಷರಗಳು ಎದ್ದು ನಿಂತಿದ್ದವು. ಟ್ರಸ್ಟಿನ ಸುವರ್ಣ ವರ್ಷ ಹತ್ತಿರ ಬರುತ್ತಿತ್ತು, ಕೈಯಲ್ಲಿ ಹೇಳಿಕೊಳ್ಳುವಂಥ ಸುದ್ದಿ ಒಂದೂ ಇರಲಿಲ್ಲ. ಸಂಜೆಯೊಳಗೆ 'ಹೊಸ ಗ್ರಹ ಪತ್ತೆ' ತಯಾರಾಯಿತು. ವೀಕ್ಷಣಾಲಯದ ನಿರ್ದೇಶಕರು ಅದನ್ನು ಓದಿ, ತಮ್ಮ ಹೆಸರನ್ನು ಎರಡನೆಯ ವಾಕ್ಯದಿಂದ ಮೊದಲನೆಯದಕ್ಕೆ ಏರಿಸಿ, ಸಹಿ ಹಾಕಿದರು. ಸಂಶೋಧಕಿಗೆ ಗೊತ್ತಾದದ್ದು ಮಾರನೆಯ ದಿನದ ಪತ್ರಿಕೆಯಿಂದ. ಅವಳು ಅವನ ಕೋಣೆಗೆ ಬಂದು, ಇದು ಗ್ರಹ ಅಂತ ನಾನು ಹೇಳಲೇ ಇಲ್ಲವಲ್ಲ ಎಂದಳು. ತೂಕ ಗೊತ್ತಾದ ಮೇಲೆ ಸೇರಿಸೋಣ ಬಿಡಿ ಮೇಡಂ ಎಂದು ಅವನು ಸಮಾಧಾನ ಹೇಳಿ ಕಳಿಸಿದ.

ಸುದ್ದಿ ಹಬ್ಬಿದ್ದೇ ಹಬ್ಬಿದ್ದು. ಅಧ್ಯಕ್ಷರು ಆ ಗ್ರಹಕ್ಕೆ ತಮ್ಮ ತಂದೆಯವರ ಹೆಸರಿಡಬೇಕೆಂದು ಹೇಳಿಕಳಿಸಿದರು. ಹೆಸರಿಡುವ ಅಧಿಕಾರ ನಮ್ಮದಲ್ಲ, ಅದಕ್ಕೆ ದೇಶದೇಶಗಳವರು ಸೇರಿದ ಸಂಘವಿದೆ ಎಂದು ಯಾರೋ ಹೇಳಿದರು. ನಮ್ಮ ಕಾಂಪೌಂಡಿನೊಳಗೆ ಕೇಳುವವರು ಯಾರು ಎಂದು ನಿರ್ದೇಶಕರು ಬಾಯಿ ಮುಚ್ಚಿಸಿದರು. ಕಲ್ಲಿನ ಫಲಕ ಕೆತ್ತಲು ಹೇಳಿದ್ದಾಯಿತು. ಅಂಗಳದಲ್ಲಿ ಗ್ರಹದ ಮಾದರಿಯೊಂದು ಇರಲಿ ಎಂದೂ ತೀರ್ಮಾನವಾಯಿತು, ಆ ಕೆಲಸ ತಲೆಬರಹನ ಷಡ್ಡಕನ ಪಾಲಾಯಿತು.

ಷಡ್ಡಕ ಎಂದರೆ ಅವನ ಹೆಂಡತಿಯ ಅಕ್ಕನ ಗಂಡ. ತಲೆಬರಹನ ಮನೆಯ ಮೇಲಿನ ಮಹಡಿಯಲ್ಲೇ ವಾಸ. ಫೈಬರ್ ನೀರಿನ ಟ್ಯಾಂಕು ತಯಾರಿಸುವ ಶೆಡ್ ಇಟ್ಟಿದ್ದ. ಇಷ್ಟು ವರ್ಷ ತಲೆಬರಹನ ಕೆಲಸವನ್ನು ಅವನು ಕೆಲಸ ಎಂದೇ ಒಪ್ಪಿರಲಿಲ್ಲ. ಈಗ ಹಾದಿಬೀದಿಯಲ್ಲಿ ಸಿಕ್ಕವರಿಗೆಲ್ಲ ನಮ್ಮ ಷಡ್ಡಕ ಗ್ರಹ ಕಂಡುಹಿಡಿದಿದ್ದಾನೆ ಎಂದು ಹೇಳಿಕೊಂಡು ತಿರುಗಿದ. ಎರಡು ಟ್ಯಾಂಕುಗಳ ಗುಂಡು ಮುಚ್ಚಳಗಳನ್ನು ಜೋಡಿಸಿ, ಆಳೆತ್ತರದ ಚೆಂಡು ಮಾಡಿ, ನೀಲಿ ಬಣ್ಣ ಬಳಿದು ತಂದು ಅಂಗಳದಲ್ಲಿ ಕೂರಿಸಿದ. ಜೋಡಣೆಯ ಗೆರೆ ಕಾಣದಿರಲೆಂದು ಸುತ್ತ ಒಂದು ಬಿಳಿ ಪಟ್ಟಿ ಅಂಟಿಸಿದ. ಆ ಪಟ್ಟಿ ಏನೆಂದು ಕೇಳಿದವರಿಗೆ ಮೋಡ ಎನ್ನುತ್ತಿದ್ದ.

ಅಷ್ಟರಲ್ಲಿ ಸಂಶೋಧಕಿಗೆ ತೂಕ ಸಿಕ್ಕಿತು.

ಅವಳು ಮೆಟ್ಟಿಲುಗಳನ್ನು ಓಡುತ್ತಾ ಇಳಿದು ಬಂದದ್ದನ್ನು ತಲೆಬರಹ ಅವತ್ತೇ ಮೊದಲು ಕಂಡದ್ದು. ಮುಖ ಕೆಂಪಾಗಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ದೊಡ್ಡ ನಾಯಿಯನ್ನು ಹಗ್ಗ ಹಿಡಿದು ಅಡ್ಡಾಡಿಸುವವರನ್ನು ನೋಡಿದ್ದೀರಲ್ಲ ಎಂದು ಕೇಳಿದಳು. ನಾಯಿ ಕಾಣದಿದ್ದರೂ ಹಿಡಿದವರು ವಾಲಾಡುವುದನ್ನು ನೋಡಿ ನಾಯಿ ಎಷ್ಟು ಭಾರವಿದೆ ಎಂದು ಹೇಳಬಹುದು. ನಾನು ಆ ನಕ್ಷತ್ರ ವಾಲಾಡುವುದನ್ನು ಅಳೆದೆ. ಗ್ರಹ ಎಳೆದರೆ ಅಷ್ಟು ವಾಲುವುದಿಲ್ಲ. ಗುರುಗ್ರಹದಷ್ಟೇ ಗಾತ್ರ, ಆದರೆ ತೂಕ ಅದರ ಅರವತ್ತು ಪಟ್ಟು. ಇದು ಗ್ರಹವಲ್ಲ, ನಕ್ಷತ್ರವೂ ಅಲ್ಲ. ಗ್ರಹವೆನ್ನಲು ಭಾರ ಹೆಚ್ಚು, ನಕ್ಷತ್ರದಂತೆ ಹೊತ್ತಿ ಉರಿಯಲು ಭಾರ ಸಾಲದು. ಇಂಥವು ನಕ್ಷತ್ರದ ಮುಂದೆ ಹಾದುಹೋಗುವಂತೆ ಸಿಗುವುದು ತೀರ ಅಪರೂಪ. ಹಾಗೆ ಸಿಕ್ಕರೆ ಗಾತ್ರ ತೂಕ ಎರಡೂ ಕೈಗೆ ಬರುತ್ತವೆ, ಅದರ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ಊಹಿಸುವುದನ್ನು ಬಿಟ್ಟು ಲೆಕ್ಕ ಹಾಕಬಹುದು. ಗ್ರಹಗಳು ಸಾವಿರಾರು ಸಿಕ್ಕಿವೆ, ಇಂಥವು ಸಿಕ್ಕಿರುವುದು ಬೆರಳೆಣಿಕೆಗಿಂತ ಒಂದಿಷ್ಟು ಹೆಚ್ಚು.

ತಲೆಬರಹನಿಗೂ ಉತ್ಸಾಹ ಏರಿತು. ಇದಕ್ಕೆ ಹೆಸರೇನು ಮೇಡಂ ಎಂದು ಪೆನ್ನು ತೆಗೆದ.

"ಕಂದು ಕುಬ್ಜ," ಎಂದಳು ಅವಳು.

ಅವನು ಎದ್ದು ಹೋಗಿ ಮೊದಲು ಬಾಗಿಲು ಹಾಕಿದ.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಸಭೆ ಸೇರಿತು. ನಿರ್ದೇಶಕರು ಎತ್ತರದ, ಬೆಳ್ಳನೆಯ ಕೂದಲಿನ ಮನುಷ್ಯ. ಒಂದು ಕಾಲದಲ್ಲಿ ಧೂಮಕೇತುಗಳ ಬಗ್ಗೆ ಬರೆದಿದ್ದರಂತೆ. ಅವರು ಸಂಶೋಧಕಿಯನ್ನು ಕೂರಿಸಿ, ಅವಳ ಶ್ರಮವನ್ನು ಹೊಗಳಿ, ಮೆಲ್ಲಗೆ ವಿಷಯಕ್ಕೆ ಬಂದರು. "ನೀವು ಅಳತೆ ಮಾಡುವಾಗ ಹೆಚ್ಚು ಕಮ್ಮಿ ಇಷ್ಟು ಅಂತ ಸ್ವಲ್ಪ ಜಾಗ ಬಿಡ್ತೀರಲ್ಲಮ್ಮ. ಆ ಹೆಚ್ಚು ಕಮ್ಮಿಯಲ್ಲಿ ಕಮ್ಮಿ ಕಡೆ ಸ್ವಲ್ಪ ಜಾಸ್ತಿ ಬಿಡೋಕಾಗಲ್ವಾ?"

ಅರವತ್ತರಲ್ಲಿ ಎರಡು ಹೆಚ್ಚು, ಎರಡು ಕಮ್ಮಿ, ಅಷ್ಟೇ ಎಂದಳು ಅವಳು. ಗ್ರಹವಾಗಬೇಕಾದರೆ ಎಷ್ಟಕ್ಕೆ ಇಳಿಯಬೇಕು ಎಂದು ಅವರು ಕೇಳಿದರು. ಹದಿಮೂರರ ಕೆಳಗೆ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಮ್ಮೆ ತೂಗಿ ನೋಡಿ ಎಂದರು. ಎಷ್ಟು ಸಲ ತೂಗಿದರೂ ಅದು ಪಥ್ಯ ಮಾಡುವುದಿಲ್ಲ ಸಾರ್ ಎಂದು ಅವಳು ಎದ್ದು ಹೋದಳು.

ತೂಕ ಇಳಿಯದು ಎಂದು ಖಚಿತವಾದ ಮೇಲೆ ಉಳಿದದ್ದು ಹೆಸರು. ಅದಕ್ಕೊಂದು ಪದ ಸಮಿತಿ ರಚನೆಯಾಯಿತು. ಕಂದು ಎನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ಇನ್ನೊಂದು ಪದವನ್ನು ಸಭೆಯಲ್ಲಿ 'ಎರಡನೆಯ ಪದ' ಎಂದು ಕರೆಯಲಾಯಿತು. ಒಬ್ಬರು ಕಿರುತಾರೆ ಎಂದರು. ಕಿರು ಎಂದರೂ ಅದೇ ಅಲ್ಲವೇ ಎಂದು ಇನ್ನೊಬ್ಬರು ಬೆವರಿದರು. ಮರಿನಕ್ಷತ್ರ ಬಂತು, ಬಿದ್ದಿತು. ವಿಫಲ ತಾರೆ ಎಂಬ ಮಾತು ಪುಸ್ತಕಗಳಲ್ಲಿದೆ ಎಂದು ಗ್ರಂಥಪಾಲಕರು ಹೇಳಿದಾಗ ನಿರ್ದೇಶಕರು ಅವರಿಗೆ ನೀರು ಕುಡಿಯಲು ಹೇಳಿದರು. ಕೊನೆಗೆ ತಲೆಬರಹನ ಹಳೆಯ ಕಸುಬು ಕೈಹಿಡಿಯಿತು. ಉರಿಯಲಾಗದ್ದು ಎಂದೇಕೆ ಹೇಳಬೇಕು, ಉರಿಯದೆ ತಡೆದುಕೊಂಡದ್ದು ಎನ್ನೋಣ. ಸಂಯಮ ತಾರೆ. ಸಮಿತಿ ಮೇಜು ತಟ್ಟಿತು. ಒಬ್ಬರಿಗೆ ಕಣ್ಣು ಒದ್ದೆಯಾಯಿತಂತೆ.

ಮನೆಗೆ ಬಂದು ಷಡ್ಡಕನಿಗೆ ವಿಷಯ ತಿಳಿಸಿದಾಗ ಅವನು ಹೆದರಲಿಲ್ಲ. ಗಾತ್ರ ಅಷ್ಟೇ ಇದೆ ತಾನೆ ಎಂದು ಕೇಳಿದ. ಬಣ್ಣ ಹೇಗೆ ಎಂದು ಸಂಶೋಧಕಿಯನ್ನು ವಿಚಾರಿಸಿದಾಗ ಮಂಕು ಕೆಂಪು ಎಂದು ಉತ್ತರ ಬಂತು. ನೀಲಿಯ ಮೇಲೆ ಕೆಂಪು ಬಳಿದದ್ದು ಒಣಗಿ, ಚೆಂಡು ದೊಡ್ಡದೊಂದು ಈರುಳ್ಳಿಯ ಹಾಗೆ ಕಾಣತೊಡಗಿತು. "ತೂಕ ಜಾಸ್ತಿ ಆಗ್ಬೇಕಲ್ಲಯ್ಯ, ಅದು ನನಗೆ ಬಿಡು," ಎಂದು ಷಡ್ಡಕ ಪೈಪು ಹಚ್ಚಿ ಅದರೊಳಗೆ ನೀರು ತುಂಬಿಸಿದ.

ಸುವರ್ಣ ವರ್ಷದ ಸಮಾರಂಭದ ದಿನ ಅಂಗಳದಲ್ಲಿ ರತ್ನಗಂಬಳಿ ಹಾಸಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕಾಲುಗಳನ್ನು ನೆಲಕ್ಕೆ ತಾಕಿಸಲು ಕುರ್ಚಿಯ ಅಂಚಿಗೆ ಸರಿದು ಕುಳಿತಿದ್ದರು. ಬಟ್ಟೆ ಮುಚ್ಚಿದ ಚೆಂಡಿನ ಪಕ್ಕದಲ್ಲಿ ನಿರ್ದೇಶಕರು ನಿಂತರು. ಟ್ಯಾಂಕಿನ ಜೋಡಣೆ ಅಷ್ಟು ಭಾರ ತಡೆಯುವಂಥದ್ದಾಗಿರಲಿಲ್ಲ. ಗಂಬಳಿಯ ಅಡಿಯಲ್ಲಿ ನೀರು ಜಿನುಗಿ ಹರಡುತ್ತಾ ನಿರ್ದೇಶಕರ ಬೂಟನ್ನು ತೋಯಿಸಿತು. ಅವರು ಮುಖದ ಒಂದು ಗೆರೆ ಕದಲಿಸದೆ ಸಂಯಮ ತಾರೆಯ ಮಹಿಮೆಯನ್ನು ಹೇಳಿ ಮುಗಿಸಿದರು. ನಕ್ಷತ್ರವಾಗುವ ಎಲ್ಲ ಯೋಗ್ಯತೆಯಿದ್ದೂ ವಿನಯದಿಂದ ಹಿಂದೆ ಸರಿದ ಕಾಯ ಅದು ಎಂದರು.

ಆಮೇಲೆ ಸಂಶೋಧಕಿಯ ಸರದಿ. ಆ ಪದ ಬಾಯಿಗೆ ಬರಬಾರದೆಂದು ತಲೆಬರಹ ಅವಳಿಗೆ ಬೆಳಗಿನಿಂದ ಕೈಮುಗಿದಿದ್ದ. ಅವಳೂ ಬೆಳಕು ಮಂಕಾದದ್ದು, ನಕ್ಷತ್ರ ವಾಲಿದ್ದು, ಎಲ್ಲವನ್ನೂ 'ಅದು', 'ಇದು' ಎನ್ನುತ್ತಲೇ ದಾಟಿಸಿದಳು. ಇನ್ನೇನು ಮುಗಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಕೈ ಎತ್ತಿದರು.

"ಮೇಡಂ, ಇದನ್ನ ನಿಮ್ಮ ಪುಸ್ತಕದಲ್ಲಿ ಏನಂತಾರೆ?"

ಅವಳು ನಿರ್ದೇಶಕರ ಕಡೆ ನೋಡಿದಳು. ನಿರ್ದೇಶಕರು ಶಾಮಿಯಾನದ ಬಟ್ಟೆಯ ನೇಯ್ಗೆಯನ್ನು ಪರೀಕ್ಷಿಸುತ್ತಿದ್ದರು.

"ಕಂದು ಕುಬ್ಜ ಅಂತಾರೆ ಸಾರ್."

ಅಂಗಳದಲ್ಲಿ ಯಾರೋ ಕೆಮ್ಮಲು ಹೊರಟು ನುಂಗಿಕೊಂಡರು.

"ಕುಬ್ಜ ಅಂದ್ರೆ ಗಿಡ್ಡ ತಾನೆ?"

"ಹೌದು ಸಾರ್. ಗಾತ್ರ ಗುರುಗ್ರಹದಷ್ಟೇ. ತೂಕ ಅರವತ್ತು ಪಟ್ಟು."

"ಅಷ್ಟು ಚಿಕ್ಕದರೊಳಗೆ ಅಷ್ಟು ತೂಕವಾ?"

"ಅಷ್ಟೂ ಇದೆ. ತನಗಿಂತ ಎಷ್ಟೋ ದೊಡ್ಡದಾದ ನಕ್ಷತ್ರವನ್ನೇ ಹಿಡಿದು ಅಲ್ಲಾಡಿಸುತ್ತೆ."

ಅಧ್ಯಕ್ಷರು ಎದ್ದರು. ತಲೆಬರಹ ಮನಸ್ಸಿನಲ್ಲೇ ಹಾಸಿಗೆ ಕಂಪನಿಗೆ ಅರ್ಜಿ ಬರೆಯತೊಡಗಿದ್ದ. ಆದರೆ ಅಧ್ಯಕ್ಷರ ಮುಖದ ಮೇಲೆ ಹರಡುತ್ತಿದ್ದದ್ದು ನಗು. ವೇದಿಕೆ ಹತ್ತಿ, ಮರದ ಮೆಟ್ಟಿಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಮೈಕನ್ನು ಕೈಯಲ್ಲಿ ಹಿಡಿದರು. ಮೇಜಿನ ಹಿಂದಿನಿಂದ ದನಿ ಮಾತ್ರ ಬಂತು. ತಾವು ಹುಡುಗರಾಗಿದ್ದಾಗಿನಿಂದ ಜನ ತಮ್ಮನ್ನು ಅಳೆದದ್ದು ಬರೀ ಉದ್ದದಲ್ಲಿ, ತೂಗಿ ನೋಡಿದವರಿಲ್ಲ ಎಂದರು. ಇವತ್ತು ವಿಜ್ಞಾನ ಆ ಕೆಲಸ ಮಾಡಿದೆ. ತಮ್ಮ ತಂದೆ ದೊಡ್ಡ ಮನುಷ್ಯರು, ಆದರೆ ಎತ್ತರದವರು. ಅವರ ಹೆಸರು ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಈ ಕುಬ್ಜಕ್ಕೆ ತಮ್ಮ ಹೆಸರನ್ನೇ ಇಡತಕ್ಕದ್ದು. ಚಪ್ಪಾಳೆ ನಿಲ್ಲಲಿಲ್ಲ. ಎಲ್ಲರಿಗಿಂತ ಮೊದಲು ಶುರು ಮಾಡಿದವರು ನಿರ್ದೇಶಕರು.

ಮರುದಿನದಿಂದ ಕಟ್ಟಡದ ಭಾಷೆಯೇ ಬದಲಾಯಿತು. ಕಲ್ಲಿನ ಮೇಲಿದ್ದ ತಂದೆಯ ಹೆಸರಿನ ಮೇಲೆ ಹಿತ್ತಾಳೆಯ ತಗಡು ಬಡಿದು ಮಗನ ಹೆಸರು ಬರೆಸಿದರು. ವೀಕ್ಷಣಾಲಯದ ಮಾಸಪತ್ರಿಕೆ 'ಕುಬ್ಜ ವಾರ್ತೆ' ಆಯಿತು. ಮಾತು ಮಾತಿಗೆ ಕುಬ್ಜ ಎನ್ನುವವರು ನಿಷ್ಠಾವಂತರು, ಎನ್ನಲು ಮರೆತವರು ಅನುಮಾನಾಸ್ಪದರು. ನಿರ್ದೇಶಕರಿಗೆ ಬೆನ್ನು ಬಾಗಿಸಿ ನಡೆಯುವ ಅಭ್ಯಾಸವಾಗಿ, ಡಾಕ್ಟರು ಬೆಲ್ಟು ಕಟ್ಟಿದರು. ಪದ ಸಮಿತಿಯನ್ನು ಯಾರೂ ರದ್ದು ಮಾಡದ ಕಾರಣ ಅದು ವಾರಕ್ಕೊಮ್ಮೆ ಸೇರಿ ಬಿಸ್ಕತ್ತು ತಿಂದು ಏಳುತ್ತಿತ್ತು.

ಹೀಗೆ ಸುಖವಾಗಿರುವಾಗ ಸಂಶೋಧಕಿಗೆ ಇನ್ನೊಂದು ಸಿಕ್ಕಿತು. ಬೇರೆ ನಕ್ಷತ್ರ, ಅದೇ ಬಗೆಯ ಮಂಕು, ಅದೇ ಬಗೆಯ ವಾಲಾಟ. ಈ ಸಲ ತೂಕ ಎಪ್ಪತ್ತು ಪಟ್ಟು.

ನಿರ್ದೇಶಕರು ಅವಳನ್ನೂ ತಲೆಬರಹನನ್ನೂ ಕರೆಸಿ ಬಾಗಿಲು ಹಾಕಿಕೊಂಡರು. ಅಧ್ಯಕ್ಷರದ್ದು ಅರವತ್ತು, ಇದು ಎಪ್ಪತ್ತು. ಅವರ ಮನಸ್ಸಿಗೆ ಹೇಗಾಗಬೇಡ. ನೀವು ನಿಮ್ಮ ಪಾಡಿಗೆ ಲೇಖನ ಬರೆದುಕೊಳ್ಳಿ, ಅದನ್ನು ಇಲ್ಲಿ ಯಾರೂ ಓದುವುದಿಲ್ಲ. ಪತ್ರಿಕೆಗೆ ಮಾತ್ರ ಹೋಗಬಾರದು ಎಂದರು. ಇನ್ನು ಮುಂದೆ ಸಿಕ್ಕರೆ ಸ್ವಲ್ಪ ಹಗುರವಾದದ್ದು ಸಿಗಲಿ ಎಂದೂ ಹಾರೈಸಿದರು.

ಹೊರಗೆ ಬಂದ ಮೇಲೆ ಅವಳು ಸಿಟ್ಟಾಗಲಿಲ್ಲ. ಅವನಿಗೆ ಅದೇ ಕಸಿವಿಸಿಯಾಯಿತು. ಮೊದಲನೆಯದನ್ನು ನೀವು ನಾನು ತೂಗುವ ಮುಂಚೆಯೇ ಬರೆದುಬಿಟ್ಟಿರಿ, ಇದನ್ನು ತೂಗಿ ಆಗಿದೆ, ಬರೆಯುವ ಹಾಗಿಲ್ಲ ಎಂದು ಸುಮ್ಮನೆ ಹೇಳಿ ಮೆಟ್ಟಿಲು ಹತ್ತಿದಳು.

ಸಂಜೆ ಊಟದ ಮೇಜಿನಲ್ಲಿ ಅವನು ಅದನ್ನೆಲ್ಲ ಹೆಂಡತಿಗೆ ಹೇಳಿದ. ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಇದು ಕಾಣುತ್ತಾ, ಇದು ಕಾಣುತ್ತಾ ಎಂದು ದಿನವಿಡೀ ಕೇಳಿ ಕೇಳಿ ಅವಳಿಗೆ ಸುತ್ತುಬಳಸಿನ ಉತ್ತರ ಹಿಡಿಸುತ್ತಿರಲಿಲ್ಲ.

"ಅಲ್ಲಾರೀ, ಇಷ್ಟು ವರ್ಷ ಬರೆದಿದ್ದೀರಲ್ಲ, ಅದರಲ್ಲಿ ನಿಜ ಯಾವುದು ಒಂದು ಹೇಳಿ ನೋಡೋಣ."

ಅವನು ಇದುವರೆಗೆ ಬರೆದದ್ದನ್ನೆಲ್ಲ ಹಿಂದಕ್ಕೆ ತಿರುವುತ್ತಾ ಹೋದ. ಹಾಸಿಗೆಯ ಚೀಟಿಯ ಹಿಂಬದಿಗೆ ಬರೆದ ಒಂದು ಸಾಲು ನೆನಪಾಯಿತು: ಒದ್ದೆಯಾದರೆ ನೆರಳಿನಲ್ಲಿ ಒಣಗಿಸಿ. ಅದನ್ನು ಹೇಳಿದ. ಅವಳು ನಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಮಾರನೆಯ ದಿನ ಅವನು ಯಾರಿಗೂ ತೋರಿಸದೆ ಐದು ವಾಕ್ಯ ಬರೆದ. ಯಾವ ನಕ್ಷತ್ರ, ಏನು ಹಾದುಹೋಯಿತು, ಎಷ್ಟು ಗಾತ್ರ, ಎಷ್ಟು ತೂಕ, ಕಂಡುಹಿಡಿದವರು ಯಾರು. ತಲೆಬರಹ ಹೊಳೆಯಲಿಲ್ಲ, ಹೊಳೆಯದಿದ್ದರೆ ಬೇಡವೆಂದು ಹಾಗೇ ಕಳಿಸಿದ. ಪತ್ರಿಕೆಯವರು ಅದನ್ನು ಒಳಪುಟದಲ್ಲಿ, ನೀರಿನ ಸರಬರಾಜು ನಿಲ್ಲುವ ಪ್ರಕಟಣೆಯ ಪಕ್ಕದಲ್ಲಿ ಹಾಕಿದರು. ಷಡ್ಡಕ ನೀರಿನ ಪ್ರಕಟಣೆಯನ್ನು ಪೂರ್ತಿ ಓದಿದ, ಪಕ್ಕದ್ದು ಅವನ ಕಣ್ಣಿಗೆ ಬೀಳಲಿಲ್ಲ. ಅಧ್ಯಕ್ಷರು ಒಳಪುಟ ತೆರೆಯುವವರೇ ಅಲ್ಲ.

ನಿರ್ದೇಶಕರು ನೋಡಿದರು. ತಲೆಬರಹನನ್ನು ಎದುರಿಗೆ ನಿಲ್ಲಿಸಿಕೊಂಡು, ಪತ್ರಿಕೆಯ ಮೇಲೆ ಬೆರಳಿಟ್ಟು, ಎರಡು ಸಲ ಓದಿದರು. ಕೆಲಸ ಹೋಯಿತೆಂದು ಅವನು ಎಣಿಸಿದ್ದ. ಹೋದರೂ ಹೋಗಲಿ ಎನ್ನುವಷ್ಟು ಧೈರ್ಯ ಎಲ್ಲಿಂದಲೋ ಬಂದಿತ್ತು.

"ಇದರಲ್ಲಿ ನನ್ನ ಹೆಸರೇ ಇಲ್ವಲ್ಲರೀ," ಎಂದರು ನಿರ್ದೇಶಕರು.

ಆ ದಿನವೇ ತಿದ್ದುಪಡಿ ಹೋಗಬೇಕೆಂದು ಆಜ್ಞೆಯಾಯಿತು. ಈ ಸಲ ಅವರೇ ಕೂತು ಬರೆದರು. ಮರುದಿನದ ತಿದ್ದುಪಡಿಯಲ್ಲಿ ನಿರ್ದೇಶಕರ ಹೆಸರು ಬಿರುದುಗಳ ಸಮೇತ ಸರಿಯಾಗಿ ಅಚ್ಚಾಗಿತ್ತು. ಎಪ್ಪತ್ತು ಪಟ್ಟು ಎಂಬುದು ಹದಿನೇಳು ಆಗಿತ್ತು, ಕಂಡುಹಿಡಿದವಳ ಹೆಸರು ಜಾಗ ಸಾಲದೆ ಬಿಟ್ಟುಹೋಗಿತ್ತು.

ತಲೆಬರಹ ಆ ಹಾಳೆಯನ್ನು ಹಿಡಿದು, ಏನೆಂದು ಕ್ಷಮೆ ಕೇಳುವುದೆಂದು ತಿಣುಕುತ್ತಾ ಮೇಲಿನ ಮಹಡಿಗೆ ಹೋದ. ಕೋಣೆ ಖಾಲಿಯಿತ್ತು. ಅವಳು ಚಹಾದ ಕೋಣೆಯಲ್ಲಿದ್ದಳು. ಸುತ್ತ ಗ್ರಂಥಪಾಲಕರು, ಎಲೆಕ್ಟ್ರಿಷಿಯನ್, ದೂರದರ್ಶಕದ ಕನ್ನಡಿ ತೊಳೆಯುವಾಕೆ ಎಲ್ಲ ಸೇರಿದ್ದರು. ಪತ್ರಿಕೆಯನ್ನು ಅವಳು ನೋಡಿಯೇ ಇರಲಿಲ್ಲ. ದೂರದ ಇನ್ನೊಂದು ವೀಕ್ಷಣಾಲಯದವರು ಅದೇ ನಕ್ಷತ್ರವನ್ನು ತಮ್ಮ ಪಾಡಿಗೆ ಅಳೆದಿದ್ದರಂತೆ, ಈಗಷ್ಟೇ ಬರೆದಿದ್ದರಂತೆ. ಅವರಿಗೂ ಎಪ್ಪತ್ತೇ ಬಂದಿದೆ. ಅದನ್ನು ಹೇಳುವಾಗ ಅವಳ ಕೈಯಲ್ಲಿದ್ದ ಲೋಟದ ಚಹಾ ತುಳುಕಿತು, ಅವಳು ಒರೆಸಿಕೊಳ್ಳಲೂ ಇಲ್ಲ.

ಅವನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಒಂದು ಸ್ಟೂಲು ಎಳೆದುಕೊಂಡ. ಬರೆದುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಅವನೂ ಪೆನ್ನು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಬರೆಯಲಿಕ್ಕಲ್ಲದೆ ಸುಮ್ಮನೆ ತಿಳಿಯಲೆಂದು ಒಂದು ಪ್ರಶ್ನೆ ಕೇಳಿದ. "ಮೇಡಂ, ಉರಿಯೋದೇ ಇಲ್ಲ ಅಂದ್ರೆ ಅದು ಕೆಂಪಗೆ ಹೇಗಿರುತ್ತೆ?"

ಹುಟ್ಟುವಾಗ ಕುಗ್ಗಿ ಕುಗ್ಗಿ ಪಡೆದ ಬಿಸಿ ಅದು ಎಂದು ಅವಳು ಲೋಟವನ್ನು ಮೇಜಿನ ಮೇಲಿಟ್ಟು ಎರಡೂ ಅಂಗೈಗಳಿಂದ ಒತ್ತಿ ತೋರಿಸಿದಳು. ಅಲ್ಲಿಂದಾಚೆಗೆ ಹೊಸ ಬಿಸಿ ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ, ಇದ್ದದ್ದೇ ನಿಧಾನವಾಗಿ ಆರುತ್ತದೆ. ಎಷ್ಟು ಆರಿದೆ ಎಂದು ನೋಡಿ ಅದರ ವಯಸ್ಸು ಹೇಳಬಹುದು. ಅವನ ಫೋನು ಗುಂಯ್‌ಗುಟ್ಟಿತು. ನಿರ್ದೇಶಕರ ಹೆಸರು ಬಂದಿತ್ತು. ಅವನು ಅದನ್ನು ಮಗುಚಿ ಮೇಜಿನ ಮೇಲಿಟ್ಟು, ಹಾಗಾದರೆ ಈ ಎರಡನೆಯದರ ವಯಸ್ಸೆಷ್ಟು ಎಂದು ಕೇಳಿದ.